ಎರಡಕ್ಕೆ ನಿಲ್ಲಬೇಕು

ಅಪ್ಪನ ಬಲಗೈ ಕೋಟಿನ ತೋಳಿನೊಳಗೆ ಇಳಿಯಲೊಲ್ಲದು. ಸಮತಾ ಒಂದು ಕಡೆಯಿಂದ ತೋಳನ್ನು ಎಳೆದಳು, ಇನ್ನೊಂದು ಕಡೆಯಿಂದ ದುರುಗೇಶ ಮೊಣಕೈಯನ್ನು ಮೆಲ್ಲಗೆ ಒತ್ತಿದ. ಕೆಂಪು ಬ್ಯಾಂಡ್ ಕೋಟು, ಹೆಗಲ ಮೇಲೆ ಜರಿಯ ಕುಚ್ಚು, ಎದೆಗೆ ಎರಡು ಸಾಲು ಹಿತ್ತಾಳೆ ಗುಂಡಿ. ಮೂರನೆಯ ಗುಂಡಿ ಮಾತ್ರ ಕಪ್ಪು ಪ್ಲಾಸ್ಟಿಕ್ಕಿನದು. ಅಪ್ಪ ಸತ್ತಿದ್ದಾನೆ ಎಂಬುದಕ್ಕಿಂತ ಆ ಗುಂಡಿ ಯಾವಾಗ ಬದಲಾಯಿತು ಎಂಬುದೇ ಸಮತಾಳಿಗೆ ದೊಡ್ಡ ಪ್ರಶ್ನೆಯಾಗಿ ಕೂತಿತ್ತು.

"ಏನ್ ಮಾಡಾಕತ್ತೀರಿ? ಅದನ್ನ ತೆಗೀರಿ ಮೊದ್ಲು."

ಅವಳ ಅಣ್ಣ ಸಂಜೀವ ಬಾಗಿಲಲ್ಲಿ ನಿಂತಿದ್ದ. ಹಡಗಲಿಯ ಹೈಸ್ಕೂಲಿನಲ್ಲಿ ಸಮಾಜ ಪಾಠದ ಮೇಷ್ಟ್ರು. ಕೈಯಲ್ಲಿ ಹೊಸ ಬಿಳಿ ಅಂಗಿ, ಬಿಳಿ ಪಂಚೆ. ಬೆಲೆಯ ಚೀಟಿಯನ್ನೂ ಕಿತ್ತಿರಲಿಲ್ಲ.

"ಅಪ್ಪ ಬುದ್ಧನ ದಾರಿ ಹಿಡಿದಾವ. ಬಿಳಿ ಉಡಿಸಿ ಸುಮ್ಮನ ಕಳಸೋಣು. ನಲವತ್ತು ವರ್ಷ ಇದ ಕೋಟು ಹಾಕ್ಕೊಂಡು ಊರ ಮಂದಿ ಹೆಣದ ಮುಂದ ನಡದ. ಇವತ್ತು ತನ್ನ ಹೆಣಕ್ಕೂ ತಾನ ಡ್ಯೂಟಿ ಮಾಡ್ಬೇಕೇನು?"

"ಒಂದು ಕೈ ಒಳಗ ಹೋಗೈತಿ ಅಣ್ಣ," ಎಂದಳು ಸಮತಾ. ಅದು ವಾದವಾಗಿರಲಿಲ್ಲ, ಬರೀ ಸುದ್ದಿ.

ತಲೆಯ ಹತ್ತಿರ ಗೋಡೆಗೆ ಒರಗಿ ಕೂತಿದ್ದ ತಾಯಿ ಮಾಳಮ್ಮ ಕಣ್ಣೆತ್ತಲಿಲ್ಲ. "ಇರ್ಲಿ ಬಿಡೋ ಸಂಜೀವ. ಆ ಕೋಟಿನಾಗ ಅವ ಚಂದ ಕಾಣ್ತಾನ."

ಸಂಜೀವ ಬಿಳಿ ಬಟ್ಟೆಯನ್ನು ಕುರ್ಚಿಯ ಮೇಲಿಟ್ಟ. ಆದರೆ ಮೇಷ್ಟ್ರ ಹಟ ಅಲ್ಲಿಗೇ ಮುಗಿಯುವುದಲ್ಲ. "ಕೋಟು ಇರ್ಲಿ. ಬ್ಯಾಂಡ್ ಮಾತ್ರ ಬ್ಯಾಡ. ಆ ರಾಗ ಅಂತೂ ಬ್ಯಾಡೇ ಬ್ಯಾಡ."

ದುರುಗೇಶ ತಲೆತಗ್ಗಿಸಿದ. ಇಪ್ಪತ್ತು ವರ್ಷ ಸಮತಾಳ ಅಪ್ಪ ಕೊಟ್ರಬಸಪ್ಪನ ಮಗ್ಗುಲಲ್ಲಿ ನಿಂತು ಕ್ಲಾರಿನೆಟ್ ಊದಿದವನು ಅವನು. ಮೂರು ವರ್ಷದ ಹಿಂದೆ ಆ ಬ್ಯಾಂಡ್ ಮಾಸ್ತರ ಎದೆ ಸೋತಮೇಲೆ ಬ್ಯಾಂಡನ್ನು ನಡೆಸುತ್ತಿದ್ದವನೂ ಅವನೇ. ಅಂಗಳದಲ್ಲಿ ಅವನ ಹುಡುಗರು ಆಗಲೇ ಡ್ರಮ್ಮುಗಳನ್ನು ಇಳಿಸಿಕೊಂಡು ಕಾಯುತ್ತಿದ್ದರು.

"ಅಕ್ಕ, ನೀವ ಹೇಳ್ರಿ," ಎಂದ ಮೆಲ್ಲಗೆ. "ಮಾಸ್ತರು ಏನೋ ನಿಮಗ ಹೇಳ್ಯಾರಂತ."

ಹೌದು, ಹೇಳಿದ್ದ. ಅವಳು ಮಾತು ಕೊಟ್ಟಿದ್ದಳು. ಬೆಳಗಿನ ನಾಲ್ಕು ಗಂಟೆಗೆ ಫೋನು ಬಂದಾಗಿನಿಂದ ಸಮತಾ ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದಳು. ಹಗರಿಬೊಮ್ಮನಹಳ್ಳಿಯಿಂದ ಇಲ್ಲಿಗೆ, ಹರಪನಹಳ್ಳಿಗೆ ಕಾರು ಮಾಡಿಕೊಂಡು ಬಂದಳು, ಹೂವು ಹೇಳಿದಳು, ಬಂದವರಿಗೆ ಚಹಾ ಕೊಡಿಸಿದಳು. ಅಲ್ಲಿನ ತಾಲ್ಲೂಕು ಕಚೇರಿಯಲ್ಲಿ ಪೌತಿ ಖಾತೆಯ ಅರ್ಜಿಗಳನ್ನು ನೋಡುವ ಗುಮಾಸ್ತೆ ಆಕೆ. ಸತ್ತವರ ಕೆಲಸ ಕೈಗೆ ಪಳಗಿತ್ತು. ಅಳು ಮಾತ್ರ ಎಲ್ಲೋ ಬಸ್ಸು ತಪ್ಪಿಸಿಕೊಂಡು ಹಿಂದೆ ಉಳಿದಿತ್ತು. ಈಗ ಮಾಡಬೇಕಾದ್ದು ಒಂದೇ ಉಳಿದಿತ್ತು, ಅದು ಹೇಗೆ ಎಂದು ಅವಳಿಗೆ ತಿಳಿಯದು.

*

ಆ ರಾಗದ ಕತೆ ಶುರುವಾದದ್ದು ಉಚ್ಚಂಗಿದುರ್ಗದಲ್ಲಿ, ಮೂವತ್ತೆರಡು ವರ್ಷದ ಹಿಂದೆ. ಅಲ್ಲಿಯ ದೊಡ್ಡ ಜಮೀನ್ದಾರನೊಬ್ಬ ತೀರಿಕೊಂಡ. ಮನೆ ಗುಡ್ಡದ ಮೇಲೆ, ಮಣ್ಣು ಮಾಡುವ ಜಾಗ ಕೆಳಗೆ ಹೊಲದಲ್ಲಿ. ಹರಪನಹಳ್ಳಿಯಿಂದ ಕೊಟ್ರಬಸಪ್ಪನ ಬ್ಯಾಂಡ್ ಸೆಟ್ ಹೋಗಿತ್ತು. ಆಗ ಹೆಣದ ಮುಂದೆ ಸಿನಿಮಾದ ದುಃಖದ ಹಾಡು ಊದುವುದು ವಾಡಿಕೆ. ಸತ್ತವನ ಹಿರಿಮಗ ಬಂದು, "ನಮ್ಮಪ್ಪಗ ಸಿನಿಮಾ ಹಾಡು ಊದಬ್ಯಾಡ. ಯಾರೂ ಕೇಳಿರಬಾರ್ದು, ಅಂಥಾದ್ದು ಊದು. ತೂಕ ಇರ್ಬೇಕು," ಎಂದ.

ಯಾರೂ ಕೇಳಿರದ ರಾಗ ಕೊಟ್ರಬಸಪ್ಪನ ಬಳಿ ಒಂದೇ ಇತ್ತು. ಬಳ್ಳಾರಿಯಲ್ಲಿ ಇಗ್ನೇಶಿಯಸ್ ಮಾಸ್ತರು ಕಲಿಸಿದ್ದು. ತನ್ನ ಅಪ್ಪ ಬಡಿಯುವ ಹಲಗೆಯನ್ನು ತಾನು ಹೊರಲಾರೆನೆಂದು ಹದಿನೇಳರ ವಯಸ್ಸಿನಲ್ಲಿ ಮನೆ ಬಿಟ್ಟು ಓಡಿದ ಕೊಟ್ರಬಸಪ್ಪ, ಆ ಮುದುಕನ ವಾದ್ಯ ರಿಪೇರಿ ಅಂಗಡಿಯಲ್ಲಿ ನಾಲ್ಕು ವರ್ಷ ಕಸ ಹೊಡೆದು, ಹಿತ್ತಾಳೆ ತಿಕ್ಕಿ ಕ್ಲಾರಿನೆಟ್ ಕಲಿತಿದ್ದ. ಅವತ್ತು ಗುಡ್ಡದ ಮೆಟ್ಟಿಲು ಕಡಿದಾಗಿತ್ತು. ಹೊತ್ತವರು ಜಾರದಿರಲೆಂದು ರಾಗವನ್ನು ನಿಧಾನ ಮಾಡಿದ. ಇನ್ನೂ ನಿಧಾನ ಮಾಡಿದ. ಕೆಳಗೆ ತಲುಪುವ ಹೊತ್ತಿಗೆ, ಆ ಜಮೀನ್ದಾರನನ್ನು ಕಂಡರಾಗದವರೂ ಸೆರಗು ಬಾಯಿಗೆ ಒತ್ತಿಕೊಂಡು ಬಿಕ್ಕುತ್ತಿದ್ದರಂತೆ.

ಆಮೇಲೆ ಕೇಳಬೇಕೆ. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಎಲ್ಲ ಕಡೆಯಿಂದ ಅದೇ ರಾಗಕ್ಕೆ ಕರೆ. ಅದಿಲ್ಲದಿದ್ದರೆ ಹೆಣಕ್ಕೆ ದಾರಿಯೇ ಸಿಗದೇನೋ ಎಂಬಂತೆ ಜನ ಆಡತೊಡಗಿದರು. ಮೀಸೆ ನೆರೆತ ಯಜಮಾನರು ಬಸ್‌ಸ್ಟ್ಯಾಂಡಿನಲ್ಲಿ ಕಂಡಾಗಲೇ, "ಲೇ ಕೊಟ್ರ, ನಂದಾಗ ನೀನ ಬರ್ಬೇಕು ನೋಡು," ಎಂದು ಹೇಳಿಡುತ್ತಿದ್ದರು. ಜಗಲಿ ಹತ್ತಿಸದವರು ಕೂಡ ಸಾವಿಗೆ ಮಾತ್ರ ಮುಂದೆ ನಿಲ್ಲಿಸುತ್ತಿದ್ದರು. "ಮದುವಿ ಮುಹೂರ್ತಕ್ಕ ಕಾಯ್ತಾವ, ಸಾವು ಯಾವುದಕ್ಕೂ ಕಾಯಂಗಿಲ್ಲ," ಎಂದು ಕೊಟ್ರಬಸಪ್ಪ ನಗುತ್ತಿದ್ದ. ಸಂಜೀವನ ಬಿ.ಎಡ್., ಸಮತಾಳ ಡಿಗ್ರಿ, ಎರಡೂ ಆ ರಾಗದ ಅನ್ನವೇ.

ಆದರೆ ಅನ್ನ ಹಾಕಿದ್ದು ಮರ್ಯಾದೆಯನ್ನೂ ಕೊಡಬೇಕೆಂದೇನಿಲ್ಲ. ಮನೆಯೊಳಗೆ ಯಾವ ಮಗುವಾದರೂ ಅದನ್ನು ಗುನುಗಿದರೆ ತಾಯಂದಿರು ಬಾಯಿಗೆ ಹೊಡೆಯುತ್ತಿದ್ದರು. ಶಾಲೆಯಲ್ಲಿ ಸಮತಾಳಿಗೆ 'ಸಾವಿನ ರಾಗದ ಹುಡುಗಿ' ಎಂದು ಹೆಸರಾಯಿತು. ಬೀದಿಯಲ್ಲಿ ಆ ದನಿ ಕೇಳಿದೊಡನೆ ಅವಳು ಕಿಟಕಿ ಮುಚ್ಚಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು. ಮೆರವಣಿಗೆ ಹೇಗಿರುತ್ತದೆಂದು ಒಂದು ಸಲವೂ ಹೊರಗೆ ಬಂದು ನೋಡಿದವಳಲ್ಲ.

*

ಹದಿನೆಂಟು ವರ್ಷದ ಹಿಂದೆ ಕೊಟ್ಟೂರಿನಲ್ಲಿ ಅವಳ ಮದುವೆ. ವಚನಬೋಧೆ ಮುಗಿದು ಊಟಕ್ಕೆ ಎಲೆ ಹಾಕುವ ಹೊತ್ತು. ಕೊಟ್ರಬಸಪ್ಪ ಎದ್ದು ನಿಂತು ಕ್ಲಾರಿನೆಟ್ ತುಟಿಗಿಟ್ಟ. ಬಂದದ್ದು ಆ ರಾಗವೇ, ಆದರೆ ಹಾಗೆ ಯಾರೂ ಕೇಳಿರಲಿಲ್ಲ. ಅದು ಚುರುಕಾಗಿ, ಚಿಮ್ಮಿ ಚಿಮ್ಮಿ ಬರುತ್ತಿತ್ತು. ಮಾಳಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನಗುತ್ತ ಗಂಡನ ಕಡೆಗೆ ಎರಡು ಹೆಜ್ಜೆ ಇಟ್ಟಿದ್ದಳು, ಅಷ್ಟೇ. "ಅಯ್ಯಯ್ಯೋ, ಸಾವಿನ ರಾಗ!" ಎಂದು ಗಂಡಿನ ಕಡೆಯ ಹೆಂಗಸರು ಮಕ್ಕಳನ್ನು ಎಳೆದುಕೊಂಡು ಎದ್ದರು. ಸಮತಾ ವೇದಿಕೆಯಿಂದ ಇಳಿದು ಬಂದು ಕ್ಲಾರಿನೆಟ್ಟಿನ ಬಾಯಿಗೆ ಅಂಗೈ ಇಟ್ಟಳು.

"ಅಪ್ಪಾ, ಇವತ್ತೊಂದಿನ ಆದ್ರೂ ಬಿಡು. ಕೈ ಮುಗೀತೀನಿ."

ಅವನು ತುಟಿಗಿಡುವ ರೀಡನ್ನು ಬಿಚ್ಚಿ, ಒರೆಸಿ, ಪೆಟ್ಟಿಗೆಯಲ್ಲಿಟ್ಟ. ಆಮೇಲೆ ಎಲ್ಲರಿಗೂ ನೀರು ಬಡಿಸಿದ.

ತಾನು ಕೈಯಿಟ್ಟದ್ದು ಯಾವುದಕ್ಕೆ ಎಂದು ಅವಳಿಗೆ ತಿಳಿದದ್ದು ಹೋದ ತಿಂಗಳು. ಹಾಸಿಗೆ ಹಿಡಿದ ಅಪ್ಪ ಉಸಿರು ಸಿಕ್ಕಾಗ ಒಂದಿಷ್ಟು, ಸಿಗದಾಗ ನಿಲ್ಲಿಸಿ ಒಂದಿಷ್ಟು ಹೇಳಿದ.

"ಅದು ಸಾವಿಂದಲ್ಲವ್ವ. ಕುಣಿತ ಅದು. ಸರಬಾಂಡ್ ಅಂತಾರ. ಸಮುದ್ರದ ಆಚಿಕಡಿ ಕೂಲಿ ಮಂದಿ, ಕರಿ ಮಂದಿ ಕುಣೀತಿದ್ರಂತ, ಗಂಡು ಹೆಣ್ಣು ಕೂಡಿ, ಕೈಯಾಗ ಕಟ್ಟಿಗಿ ಚಿಟಿಕಿ ಹಿಡಕೊಂಡು. ಅಲ್ಲಿ ರಾಜ ನೋಡ್ದ. ಇದು ಲಜ್ಜಿಗೇಡಿ ಕುಣಿತ, ಕುಣಿದವ್ರಿಗೆ ಇನ್ನೂರು ಚಾಟಿಯೇಟು ಅಂದ. ಆಮ್ಯಾಲ ಏನಾತು? ಅದ ರಾಗನ ಅರಮನಿಯೋರು ಒಳಗ ಕರಕೊಂಡ್ರು. ಅದರ ಕಾಲು ಕಟ್ಟಿ ಮೆಲ್ಲಕ ನಡಸಿದ್ರು. ದೊಡ್ಡ ದೊಡ್ಡ ಪಂಡಿತ್ರು ಅದನ್ನ ಕುಂತು ಕೇಳೋ ಹಾಡು ಮಾಡಿದ್ರು. ಇಗ್ನೇಶಿಯಸ್ ಮಾಸ್ತರು ನನಗ ಎರಡೂ ಕಲಿಸಿದ್ರು. ಮೊದಲಿಂದೂ, ಆಮ್ಯಾಲಿಂದೂ."

ಸ್ವಲ್ಪ ಹೊತ್ತು ಕೆಮ್ಮಿದ. "ಹೊಟ್ಟಿಪಾಡಿಗೆ ನಾನೂ ಅರಮನಿಯೋರಂಗ ಅದನ್ನ ಮೆಲ್ಲಕ ಮಾಡ್ದೆ. ನಾ ಹೋದಾಗ ಅದನ್ನ ಅಳೋ ರಾಗ ಮಾಡಬ್ಯಾಡ್ರಿ. ಕುಣಿತ ಇರ್ಲಿ. ಅವತ್ತು ನಿನ್ನ ಮದುವ್ಯಾಗ ಅರ್ಧಕ್ಕ ನಿಂತೈತಿ."

ಆ ಕೊನೆಯ ಮಾತಿನಲ್ಲಿ ದೂರು ಇರಲಿಲ್ಲ. ದೂರಿದ್ದರೆ ಸಮತಾಳಿಗೆ ಎಷ್ಟೋ ಹಗುರವಾಗುತ್ತಿತ್ತು. "ಆಯ್ತಪ್ಪ, ಕುಣಿತಾನ ಊದಸ್ತೀನಿ," ಎಂದು ಮಾತು ಕೊಟ್ಟಳು.

*

ಈ ಎಲ್ಲವನ್ನೂ ಸಮತಾ ಅಣ್ಣನಿಗೆ ಹೇಳಿದಳು. ಅರ್ಜಿಯ ವಿಷಯ ಓದಿದ ಹಾಗೆ, ಏರಿಳಿತವಿಲ್ಲದೆ ಹೇಳಿದಳು. ಚಾಟಿಯೇಟಿನ ಮಾತು ಬಂದಾಗ ಸಂಜೀವ ಕುರ್ಚಿಯ ಮೇಲಿದ್ದ ಬಿಳಿ ಬಟ್ಟೆಯನ್ನು ಪಕ್ಕಕ್ಕೆ ಸರಿಸಿ ಕೂತ.

"ಇಷ್ಟು ವರ್ಷ ನನಗ ಯಾಕ ಹೇಳ್ಲಿಲ್ಲ ಅವ? ಗೌಡ್ರ ಚಾಕರಿ ಮಾಡೋ ರಾಗ ಅಂತ ನಾ ಎಷ್ಟು ಸಲ ಬೈದೀನಿ."

"ನಾವು ಕೇಳ್ಲಿಲ್ಲ."

ಸಂಜೀವ ಅಪ್ಪನ ಮುಖವನ್ನು ನೋಡಿದ. ಅವನು ಸುಲಭಕ್ಕೆ ಸೋಲುವ ಪೈಕಿಯಲ್ಲ. ಪಂಚಾಯಿತಿಯವರ ಎದುರು, ಹೆಡ್‌ಮಾಸ್ಟರ ಎದುರು, ಯಾರೆದುರೂ ಬಗ್ಗಿದವನಲ್ಲ. ಆದರೆ ಸತ್ತವನು ವಾದ ಗೆದ್ದರೆ ಏನು ಮಾಡುವುದು?

"ಊದ್ಸು," ಎಂದ. "ಆದ್ರ ಕುಣಿತಾನ ಊದ್ಬೇಕು. ಅಳೋದು ಬ್ಯಾಡ."

ಎಲ್ಲರೂ ದುರುಗೇಶನ ಕಡೆ ತಿರುಗಿದರು. ಅವನ ಮುಖ ಬಿಳುಚಿತು.

"ನನಗ ಬರಂಗಿಲ್ಲ ಅಕ್ಕ."

"ಅಂದ್ರ?"

"ಮಾಸ್ತರು ನನಗ ಕಲಿಸಿದ್ದು ಹೆಣದ ಮುಂದ ನಡಕೋಂತ. ಬ್ಯಾರೆ ಥರ ನಾ ಕೇಳೇ ಇಲ್ಲ. ನಿಮ್ಮ ಮದುವ್ಯಾಗ ನಾ ಇರ್ಲಿಲ್ಲ, ದಾವಣಗೆರಿಗೆ ಹೋಗಿದ್ದೆ."

ಆಗ ಮಾಳಮ್ಮ ಎದ್ದಳು. ಅರವತ್ತೆಂಟು ವರ್ಷದ ಹೆಂಗಸು, ಬೆಳಗಿನಿಂದ ಕೂತ ಜಾಗ ಬಿಟ್ಟಿರಲಿಲ್ಲ. ಗಂಡನ ಕಾಲಿನ ಬಳಿ, ಊದುಬತ್ತಿಯ ಹೊಗೆಯ ನಡುವೆ ನಿಂತು ಸೀರೆಯನ್ನು ಕಣಕಾಲಿನಿಂದ ಸ್ವಲ್ಪ ಎತ್ತಿದಳು. "ನೋಡು ಇಲ್ಲೆ," ಎಂದಳು. "ಒಂದಕ್ಕ ಬಲಗಾಲು. ಎರಡಕ್ಕ ಎಡಗಾಲಿಟ್ಟು ನಿಂದರ್ಬೇಕು, ಅಲ್ಲೆ ಜೀವ ಐತಿ ಅದರದ್ದು. ಮೂರಕ್ಕ ಹಿಮ್ಮಡಿ ಎತ್ಬೇಕು." ಬಾಯಲ್ಲೇ ರಾಗ ಹಿಡಿದು ತೋರಿಸಿದಳು. ಕಾಲು ನೋಯುತ್ತಿದ್ದರೂ ಹೆಜ್ಜೆ ಚುರುಕಾಗಿತ್ತು. "ಬಾಗ್ಲು ಹಾಕ್ಕೊಂಡು ಕುಣೀತಿದ್ವಿ. ನೀವು ಇಬ್ರೂ ಸಾಲಿಗೆ ಹೋದಮ್ಯಾಲ."

"ಏನವ್ವ ಮಾಳವ್ವ, ಹೆಣ ಮುಂದಿಟ್ಕೊಂಡು!" ಎಂದಳು ಬಾಗಿಲಲ್ಲಿದ್ದ ನೆರೆಮನೆಯ ಅಂಜಿನಕ್ಕ.

"ಅವ ಬ್ಯಾಡ ಅಂದಾನೇನು?" ಎಂದು ಮಾಳಮ್ಮ ಇನ್ನೊಂದು ಸುತ್ತು ತೋರಿಸಿದಳು.

ದುರುಗೇಶ ಕ್ಲಾರಿನೆಟ್ ತೆಗೆದು ಆ ಓಟಕ್ಕೆ ಊದಲು ನೋಡಿದ. ಮೊದಲ ಸಾಲು ಹೇಗೋ ಬಂತು. ಎರಡನೆಯದಕ್ಕೆ ಬೆರಳು ತಡವರಿಸಿತು. ಮತ್ತೆ ಹಿಡಿದ, ಮತ್ತೆ ತಪ್ಪಿತು. ನಾಲ್ಕನೆಯ ಸಲಕ್ಕೆ ಕ್ಲಾರಿನೆಟ್ಟನ್ನು ಮಡಿಲಿಗಿಳಿಸಿದ. ಕಣ್ಣು ತುಂಬಿತ್ತು.

"ನನ್ನ ಬೆರಳಿಗೆ ಸಾವಿನ ನಡಿಗಿ ಅಷ್ಟ ಗೊತ್ತು ಅಕ್ಕ. ತಪ್ಪು ತಪ್ಪು ಊದಿ ಮಾಸ್ತರ ಮರ್ಯಾದಿ ಕಳೀಲಾರೆ."

ಸಮತಾ ಅವನನ್ನು ನೋಡಿದಳು. ಕೊಟ್ಟ ಮಾತು ಮುರಿದುಬಿತ್ತು ಎಂದು ಗೊತ್ತಾಯಿತು. ಎದೆ ಒಡೆಯಬೇಕಿತ್ತು, ಒಡೆಯಲಿಲ್ಲ. ಊಟ ತಪ್ಪಿದ ಮಧ್ಯಾಹ್ನ ಹೊಟ್ಟೆಗೆ ಆಗುವಂಥ ಖಾಲಿತನ ಅಷ್ಟೇ ಆಯಿತು. ಅವಳು ತನ್ನ ಬಗ್ಗೆಯೇ ಅಸಹ್ಯಪಟ್ಟುಕೊಂಡಳು.

"ಹೆಂಗ ಬರ್ತೈತೋ ಹಂಗ ಊದು," ಎಂದಳು.

*

ಸಂಜೀವ 'ಬುದ್ಧಂ ಶರಣಂ' ಎಂದು ತ್ರಿಶರಣ ಹೇಳಿಸಿದ. ಹನ್ನೆರಡಕ್ಕೆ ಚಟ್ಟ ಎದ್ದಿತು. ಮುಂದಿನ ಎಡಗಂಬಕ್ಕೆ ಸಂಜೀವ, ಅವನ ಹಿಂದೆ ಗಾದೆಪ್ಪ ಕಾಕಾ. ಗಾದೆಪ್ಪ ಬ್ಯಾಂಡಿನಲ್ಲಿ ಮೊದಲಿನಿಂದ ದೊಡ್ಡ ಡ್ರಮ್ಮು ಬಡಿದವನು, ಈಗ ವಯಸ್ಸಾಗಿ ಬಿಟ್ಟವನು. ಬಲಗಡೆ ಕೇರಿಯ ಇಬ್ಬರು. ಬೌದ್ಧರ ಮನೆಯ ಸಾವಾದ್ದರಿಂದ ಹೆಣ್ಣುಮಕ್ಕಳೂ ಹೊರಟರು. ಸಮತಾ ಜೀವಮಾನದಲ್ಲಿ ಮೊದಲ ಸಲ ಆ ರಾಗದ ಹಿಂದೆ ನಡೆಯುತ್ತಿದ್ದಳು.

ದುರುಗೇಶ ಊದಿದ. ಐದು ತಾಲ್ಲೂಕು ಬಲ್ಲ ಅದೇ ನಿಧಾನ, ಅದೇ ಭಾರ. ಸಮತಾ ಮೇಲೆ ನೋಡಲಾರದೆ ನೆಲ ನೋಡುತ್ತ ನಡೆದಳು. ಹಾಗಾಗಿ ಅವಳಿಗೆ ಕಂಡದ್ದು ಬರೀ ಕಾಲುಗಳು.

ಮುಂದೆ ಸಂಜೀವ ಎಡವಿದ. ಚಟ್ಟ ಒಂದು ಕಡೆ ವಾಲಿ, ಅಪ್ಪನ ಕೋಟಿನ ತೋಳು ಹೊರಗೆ ಜಾರಿತು. ಹತ್ತು ಹೆಜ್ಜೆಗೆ ಮತ್ತೆ ಎಡವಿದ.

"ಎರಡಕ್ಕ ನಿಂದರ್ರಿ ಮೇಷ್ಟ್ರೆ," ಎಂದ ಹಿಂದಿನಿಂದ ಗಾದೆಪ್ಪ. "ಬಲಗಾಲು ಇಡ್ರಿ. ಎಡಗಾಲಿಟ್ಟು ನಿಂದರ್ರಿ. ಮೂರಕ್ಕ ಹಿಮ್ಮಡಿ ಎತ್ರಿ. ಹಾಂ, ಹಂಗ."

ಸಮತಾಳ ಹೆಜ್ಜೆ ನಿಂತುಹೋಯಿತು. ಗಾದೆಪ್ಪನ ಕಾಲು ನೋಡಿದಳು. ಬಲಗಡೆಯ ಇಬ್ಬರ ಕಾಲು ನೋಡಿದಳು. ಬಲ, ಎಡ ಇಟ್ಟು ತಡೆ, ಮೂರಕ್ಕೆ ಎಲ್ಲರ ಹಿಮ್ಮಡಿಯೂ ಒಟ್ಟಿಗೆ ಮೇಲೆ. ಓಡಿ ಹೋಗಿ ಗಾದೆಪ್ಪನ ಮಗ್ಗುಲು ಸೇರಿದಳು.

"ಕಾಕಾ, ಹಿಂಗ ನಡಿಯಾಕ ಯಾರು ಹೇಳಿಕೊಟ್ರು?"

"ಇನ್ನ್ಯಾರು? ನಿಮ್ಮಪ್ಪ. ಉಚ್ಚಂಗಿದುರ್ಗದ ಮೆಟ್ಲ ಇಳಿಯಾಗ ಮುಂದ ನಿಂತು ಕಾಲ್ನಾಗ ತೋರಿಸ್ದ. ಹಿಂಗ ನಡದ್ರ ಹೆಗಲು ತಪ್ಪಂಗಿಲ್ಲ, ಭಾರ ಗೊತ್ತಾಗಂಗಿಲ್ಲ ಅಂತ. ಆಮ್ಯಾಲ ಎಲ್ಲಿ ಹೋದ್ರೂ ಮೊದ್ಲು ಹೆಗಲು ಕೊಟ್ಟೋರಿಗೆ ಕಲಸ್ತಿದ್ದ. ಗೌಡ್ರ ಮಕ್ಕಳು, ಸಾವ್ಕಾರ್ರು, ಎಲ್ಲಾರಿಗೂ. ಈಗ ಹೇಳೋದ ಬೇಕಾಗಿಲ್ಲ, ರಾಗ ಬಂತಂದ್ರ ಈ ಸೀಮಿ ಮಂದಿ ಕಾಲು ತಾವ ಹಂಗ ಬೀಳ್ತಾವ."

ಮೂವತ್ತೆರಡು ವರ್ಷ. ಕೂಡ್ಲಿಗಿಯ ಬೀದಿಗಳಲ್ಲಿ, ಹಡಗಲಿಯ ಹೊಲದ ದಾರಿಗಳಲ್ಲಿ, ಬಾಗಳಿಯ ಗುಡಿಯ ಮುಂದೆ, ಜಗಲಿ ಹತ್ತಿಸದವರೆಲ್ಲ ತಮ್ಮಪ್ಪಂದಿರನ್ನು ಹೊತ್ತುಕೊಂಡು ಗಂಭೀರವಾಗಿ ಮುಖ ಇಳಿಬಿಟ್ಟು ಕುಣಿದಿದ್ದರು. ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನು ಮುಂದೆ ಕೆಂಪು ಕೋಟು ಹಾಕಿಕೊಂಡು, ಕೆನ್ನೆ ಉಬ್ಬಿಸಿ ಊದುತ್ತಿದ್ದ.

"ನನಗ ಕೊಡ್ರಿ ಕಾಕಾ," ಎಂದಳು ಸಮತಾ.

"ಏ, ಭಾರ ಐತವ್ವ. ಹೆಣ್ಮಗಳು ನೀನು..."

"ಕೊಡ್ರಿ ಅಕಿಗೆ," ಎಂದ ಸಂಜೀವ, ತಿರುಗದೆ. ಅವನು ಎರಡಕ್ಕೆ ನಿಂತಿದ್ದ.

ಗಾದೆಪ್ಪ ಹೆಗಲು ಜಾರಿಸಿಕೊಂಡ, ಸಮತಾ ಹೆಗಲು ಕೊಟ್ಟಳು. ಬಿದಿರು ಮೂಳೆಗೆ ಕಚ್ಚಿತು. ಬೆಳಗಿನಿಂದ ಏನೂ ತಾಗದಿದ್ದವಳಿಗೆ ಇದು ತಾಗಿತು: ಅಪ್ಪ ಇಷ್ಟು ಭಾರವಿದ್ದ. ದುಃಖ ಈಗ ಬಂತು. ತಡವಾಗಿ, ಎಲ್ಲಿ ಕೂರಬೇಕೆಂದು ತಿಳಿಯದ ನೆಂಟರಂತೆ ಬಂತು. ಅವಳು ಅದಕ್ಕೆ ಬೇಡ ಎನ್ನಲಿಲ್ಲ.

ಬಸ್‌ಸ್ಟ್ಯಾಂಡಿನ ಸರ್ಕಲ್ಲಿನಲ್ಲಿ ಮೆಕ್ಕೆಜೋಳದ ಟ್ರ್ಯಾಕ್ಟರುಗಳು ನಿಂತವು. ಹೊಸಪೇಟೆಯ ಬಸ್ಸು ನಿಂತಿತು. ಡ್ರೈವರು ತಲೆಗೆ ಸುತ್ತಿದ್ದ ಟವೆಲ್ಲು ತೆಗೆದ. ಮಾಳಮ್ಮ ಸೀರೆಯ ನಿರಿಗೆಯನ್ನು ಕಣಕಾಲಿನಿಂದ ಎತ್ತಿ ಹಿಡಿದು ಬ್ಯಾಂಡಿನ ಹಿಂದೆಯೇ ಬರುತ್ತಿದ್ದಳು.

"ಸಮತಾ, ನೆಟ್ಟಗ ನಡಿಯವ್ವ. ಮಂದಿ ನೋಡಾಕತ್ತಾರ," ಎಂದಳು ಹಿಂದಿನಿಂದ ಅಂಜಿನಕ್ಕ.

ಸಮತಾ ಬಲಗಾಲು ಇಟ್ಟಳು. ಎಡಗಾಲಿಟ್ಟು ನಿಂತಳು. ಮೂರಕ್ಕೆ ಅವಳ ಬರಿಗಾಲಿನ ಹಿಮ್ಮಡಿ ಬಿಸಿಲ ಡಾಂಬರಿನಿಂದ ಮೇಲೆದ್ದಿತು. ಅದರೊಂದಿಗೆ ಹೆಗಲ ಮೇಲಿನ ಅಪ್ಪನೂ ಒಂದು ಬೆರಳಿನಷ್ಟು ಮೇಲೆದ್ದ.